ಎರಡನೇ ಬ್ಯಾಟರಿ

…ಅದನ್ನ ಬಿಡು, ಅದರಾಗ ಕೈ ಹಾಕಬ್ಯಾಡ ಜಮಾಲಸಾಬ! ಆ ಚೀಲ ಡ್ರೈವರ್ ಸೀಟಿನ ಕೆಳಗ ಇರಲಿ. ಅದರಾಗ ಏನೂ ಇಲ್ಲ ಮಾರಾಯಾ, ನನ್ನ ಅರಿವಿ-ಅಂಚಡಿ. ನೀ ಬ್ಯಾಟರಿ ಕೂಡಿಸೋದು ನೋಡು. ಎಂಜಿನ್‌ದು ಒಂದು ಇದ್ದ ಐತಿ, ಇನ್ನೊಂದು ಕೂಡಿಸಿದಿ ಅಂದ್ರ ನನ್ನ ಗಾಡಿ ರಾಜಾ! ಯಾಕ ನಗಾಕತ್ತಿ?

ನಗು, ನಗು. ಬಾಯಿತುಂಬ ಎಲಿ ಇಟ್ಟುಕೊಂಡು ನಗಬ್ಯಾಡ, ಅಂಗಿ ಮ್ಯಾಲ ಸೋರ್ತೈತಿ. ನಿಮಗ ಸವಣೂರಿನವರಿಗೆ ಇದೊಂದು ಛಲೋ ಆಗೈತಿ ನೋಡು. ಮುಂಜಾನೆ ಗಲ್ಲದಾಗ ಎಲಿ ಹೆಟ್ಟಿಕೊಂಡ್ರಿ ಅಂದ್ರ ಸಂಜೀತನಕ ಯಾರಿಗೂ ಉತ್ತರ ಕೊಡಂಗಿಲ್ಲ. ಹೌದು ಅಂದ್ರ ಗೋಣು, ಇಲ್ಲ ಅಂದ್ರ ಕೈ, ಲೆಕ್ಕಾ ಅಂದ್ರ ಬೆರಳು. ಗಿರಾಕಿ ಮಾತಾಡಿ ಮಾತಾಡಿ ತಾನ ಸಾಯಬೇಕು. ಇಷ್ಟು ವರ್ಷದ ದೋಸ್ತಿಯೊಳಗ ನೀ ನನ್ನ ಕೂಡ ಒಟ್ಟು ನಾಕು ಮಾತು ಆಡಿರಬೇಕು, ಅದರಾಗ ಮೂರು ಬೈಗಳ!

ಸರಿ, ಕೆಲಸಕ್ಕ ಬಾ. ನಾಳೆ ನಸುಕಿನ್ಯಾಗ ಗಾಡಿ ಹೊಂಡಬೇಕು, ನಿನಗ ಗೊತ್ತ ಐತಿ. ಬ್ಯಾರೆ ಯಾರದರ ಟ್ರಿಪ್ ಆಗಿದ್ರ ನಾ ಇಷ್ಟು ಗಡಿಬಿಡಿ ಮಾಡ್ತಿದ್ದಿಲ್ಲ. ಸಂಘದ ಹೆಣ್ಮಕ್ಕಳು, ಹನ್ನೆರಡು ಮಂದಿ. ನಿನ್ನ ಮನಿಯಾಕಿ ಚಾಂದಬಿ, ನಿನ್ನ ಮಗಳು ಕೌಸರ, ಖಾರ ಕುಟ್ಟೋ ದಾನವ್ವ, ಆ ಅಧ್ಯಕ್ಷಿ ಶೀಲಾ... ಎಲ್ಲಾರೂ ಕೂಡಿ ಸಮುದ್ರ ನೋಡಿ ಬರೋದು. ಹಾನಗಲ್ಲ, ಶಿರಸಿ, ಘಾಟ ಇಳಿದ್ರ ಕುಮಟಾ. ಕೌಸರ ಇನ್ನಾ ಸಮುದ್ರ ಕಂಡಿಲ್ಲಂತಲ್ಲೋ! ನಿನ್ನೆ ಫೋನ್ ಹಚ್ಚಿ, 'ಕುಬೇರಪ್ಪಕಾಕಾ, ಕಿಟಕಿ ಕಡೆ ಸೀಟು ನನಗ' ಅಂತು. ಆತವ್ವಾ, ನಿನಗ ಅಂದೆ. ಚಾಂದಬಿ ನೋಡು, ಆಗಲೇ ರೊಟ್ಟಿ ಗಂಟು ತಂದು ಹಿಂದಿನ ಸೀಟಿನ ಮ್ಯಾಲ ಇಟ್ಟು ಹೋಗ್ಯಾಳ. ಜಾಗಾ ಹಿಡಿಯೋದು ಅಂದ್ರ ಹಿಂಗ!

ಖಡು ತಗೊಂಡು ಫರಸಿ ಮ್ಯಾಲ ಬರಕೋ, ಮತ್ತೊಮ್ಮೆ ಹೇಳ್ತೇನಿ. ಸಣ್ಣ ಫ್ಯಾನು, ಸೀಟಿಗೊಂದು. ಮ್ಯಾಲ ಆ ನೀಲಿ ಲೈಟಿನ ಪಟ್ಟಿ. ಹಾಡು ಹಚ್ಚೋ ಪೆಟ್ಟಿಗಿ. ಮೊಬೈಲ್ ಚಾರ್ಜ್ ಮಾಡೋ ಪಾಯಿಂಟು, ಅದು ಕಡಿಮಿ ಬಿದ್ದು ಹೆಣ್ಮಕ್ಕಳಾಗ ಜಗಳ ಆಗಬಾರದು. ಆಮ್ಯಾಲ ದಾನವ್ವನ ಮಿಕ್ಸಿ... ಹಾಂ, ಮಿಕ್ಸಿ! ಸಮುದ್ರದ ದಂಡಿ ಮ್ಯಾಲ ಕುಂತು ರೊಟ್ಟಿಗೆ ಶೇಂಗಾ ಚಟ್ನಿ ರುಬ್ಬತಾಳಂತ ಆಕಿ. ನಾ ಬ್ಯಾಡ ಅಂದ್ರ ಕೇಳ್ತಾಳೇನು? ಯಾಕ ಕೈ ಅಲ್ಲಾಡಸ್ತಿ? ಆಗಂಗಿಲ್ಲ? ಎಂಜಿನ್ ಚಾಲೂ ಇಟ್ಟ ತಿರುಗಿಸಬೇಕು? ಆತು, ಹಂಗ ಹೇಳ್ತೇನಿ ಬಿಡು ಆಕಿಗೆ.

ಮತ್ತ ಒಂದು... ಒಂದು ಸಣ್ಣ ಫ್ರಿಜ್. ಔಷಧ ಇಡಾಕ. ಅದರ ವೈರ್ ಡ್ರೈವರ್ ಸೀಟಿನ ಬಾಜೂಕ ಬರಲಿ. ಎಂಜಿನ್ ಬಂದ್ ಆದ ಮ್ಯಾಲೂ ರಾತ್ರಿ ಪೂರಾ ನಡೀಬೇಕು ಅದು. ನಡುವ ಒಂದು ಗಳಿಗೀನೂ ನಿಲ್ಲಬಾರದು. ಫ್ಯಾನು ಆರಿದ್ರ ಆರಲಿ, ಹಾಡು ನಿಂತ್ರ ನಿಲ್ಲಲಿ, ಇದೊಂದು ಆರಬಾರದು ನೋಡು. ಅದೊಂದು ಲಕ್ಷ್ಯದಾಗ ಇಡು.

ಯಾಕ ಖಡು ನಿಲ್ಲಿಸಿದಿ? ಬರಿ!

ಏನು, ಫ್ರಿಜ್ ತಾನ ನಿಂತು ತಾನ ಚಾಲೂ ಆಗತೈತಿ ಅಂತೀಯೇನು? ಬೆರಳು ಮ್ಯಾಲ-ಕೆಳಗ ಮಾಡಿದಿ ಅಂದ್ರ ಅದ ಅಲ್ಲ ಅರ್ಥ? ಆಗಲಿ ಬಿಡು, ಇದು ಬ್ಯಾರೆ ನಮೂನಿ ಫ್ರಿಜ್. ಹೊಸಾದು ಬಂದೈತಿ. ನೀ ಲೆಕ್ಕಾ ಹಾಕು. ಬ್ಯಾಟರಿ ಅರ್ಧಕ್ಕಿಂತ ಕೆಳಗ ಇಳೀಬಾರದು ಅಂತ ನೀನ ಹೇಳಿದಿ, ಆ ಅರ್ಧದಾಗ ರಾತ್ರಿ ಕಳೀಬೇಕು, ಅಷ್ಟ.

ನೀ ಹೇಳಿದ್ದು ನಾ ಮರ್ತಿಲ್ಲ. ಎಂಜಿನ್ ಬ್ಯಾಟರಿ ಅಂದ್ರ ನಮ್ಮ ಹಬ್ಬದ ಹೋರಿ ಇದ್ದಂಗ. ಕೊಬ್ಬರಿ ಸರ ಕಟ್ಟಿ ಬಿಟ್ರ ಒಂದ ಓಟ, ಮಂದಿ ಕಣ್ಣಿಗೆ ಕಾಣಂಗಿಲ್ಲ. ಅದನ್ನ ಒಯ್ದು ನೇಗಿಲಿಗೆ ಹೂಡಿದ್ರ ನಾಕ ಸಾಲಿಗೆ ಮಕ್ಕೊಂಡಬಿಡ್ತೈತಿ. ಈ ಎರಡನೇದು, ಏನದು ಹೆಸರು... ಡೀಪ್ ಸೈಕಲ್! ಇದು ಹೊಲದ ಎತ್ತು. ಹಾರಂಗಿಲ್ಲ, ಓಡಂಗಿಲ್ಲ, ಒಂದ ಸವನ ಎಳೀತೈತಿ. ಹೌದಲ್ಲ? ನೋಡು, ಗೋಣು ಹಾಕಿದಿ. ನಾನೂ ಶಾಣ್ಯಾ ಅದೇನಿ.

ಆ ಡ್ರೈವರ್ ಚನ್ನೇಶನ ಗತಿ ನನಗ ಬರಬಾರದು. ನೆನಪೈತಿಲ್ಲ, ತಿಳವಳ್ಳಿ ಮದಿವಿ? ಸಂಜೀ ಮುಂದ ಲೈಟು, ಹಾಡು ಎಲ್ಲಾ ಎಂಜಿನ್ ಬ್ಯಾಟರಿಗೇ ಹಚ್ಚಿ ಮೆರವಣಿಗಿ ಮಾಡಿದ ಪುಣ್ಯಾತ್ಮ. ನಮ್ಮ ಕಡೆ ಡ್ರೈವರಗೋಳು ಎಲ್ಲಾರೂ ಮಾಡೋದು ಅದನ್ನ. ಮುಂಜಾನೆ ಚಾವಿ ತಿರುವಿದ್ರ ಬರೇ ಟಿಕ್ ಟಿಕ್. ಬಾಸಿಂಗ ಕಟ್ಟಿಕೊಂಡ ಮದುಮಗನ ಕೈಲೆ ಗಾಡಿ ತಳ್ಳಿಸಿದ! ಬೀಗರು ಇನ್ನಾ ಬೈತಾರ. ಅದಕ್ಕ ನೀ ಆ ರಿಲೇ ಕೂಡಸ್ತಿ ಅಂದಿ. ಎಂಜಿನ್ ನಡದಾಗ ಎರಡೂ ಜೋಡಿ, ಎರಡೂ ಒಂದ ಗ್ವಾದಲ್ಯಾಗ ತಿಂತಾವು. ಎಂಜಿನ್ ನಿಂತ್ರ ಟಕ್ ಅಂತ ಬ್ಯಾರೆ. ಎತ್ತಿನ ಮೇವಿಗೆ ಹೋರಿ ಬಾಯಿ ಹಾಕಂಗಿಲ್ಲ, ಹೋರಿ ಮೇವಿಗೆ ಎತ್ತು... ಎತ್ತು ಸುದ್ದಾ... ಟಕ್ ಅಂತ... ಅದು... ಟಕ್...

ಹಾಂ! ಹೌದು ಹೌದು, ಕೇಳಾಕತ್ತೇನಿ. ಕಣ್ಣು ಮುಚ್ಚಿ ಲೆಕ್ಕಾ ಹಾಕಾಕತ್ತಿದ್ದೆ.

ಈ ಚಹಾ ಯಾವಾಗ ಬಂತು? ಕೆನಿ ಕಟ್ಟೇತಲ್ಲೋ! ಇಷ್ಟು ಆರಿದ ಚಹಾ ಕೊಡ್ತಾನೇನು ಆ ಹೋಟೆಲಿನಾಂವ? ನಿನ್ನ ಲೋಟ ಆಗಲೇ ಖಾಲಿ... ಅಲ್ಲ, ನೀ ವೈರ್ ಸುದ್ದಾ ಎಳದಬಿಟ್ಟೀ? ಈಗರ ಖಡು ಹಿಡಕೊಂಡು ಕುಂತಿದ್ದಿ. ಭಾರಿ ಚುರುಕ ಆಗಿ ಬಿಡಪ್ಪಾ.

ಏನು ಹಂಗ ನೋಡಾಕತ್ತಿ ನನ್ನ ಮಾರಿ? ಗಲ್ಲದ ಮ್ಯಾಲಿನ ಗೀರೇನು? ಏ, ಅದು ಟಾವೆಲ್ಲು. ರಾತ್ರಿ ಸೊಳ್ಳಿ ಭಾಳ, ಮಾರಿಗೆ ಟಾವೆಲ್ ಬಿಗದು ಮಲಗಿದ್ದೆ. ಹಿರೇಬೆಂಡಿಗೇರಿ ಸೊಳ್ಳಿ ನೀ ಕಂಡಿಲ್ಲ, ಹೆಗಲ ಮ್ಯಾಲ ಹೊತ್ತುಕೊಂಡು ಹೋಗತಾವು.

ಮುಂದಿನ ದೀಪ ಯಾಕ ತಿಕ್ಕಾಕತ್ತಿ? ಅದು ನೀನ ಹೋದ ತಿಂಗಳ ಹೊಸಾದು ಹಾಕಿದ್ದಲ್ಲ, ತಡಸದ ಹತ್ತರ ಗಾಡಿ ಗೋವಿನಜೋಳದ ಹೊಲಕ್ಕ ಇಳದಾಗ. ಅದು ನನ್ನ ತಪ್ಪ ಅಲ್ಲ ಬಿಡು. ಖಾಲಿ ಗಾಡಿ ಪುಣ್ಯಾಕ್ಕ, ಹುಬ್ಬಳ್ಳಿಗೆ ಮಂದೀನ ಇಳಿಸಿ ಬರಾಕತ್ತಿದ್ದೆ. ಕರೀ ನಾಯಿ ಒಂದು ದಡಕ್ನ ಅಡ್ಡ ಬಂತು. ಮೂಕಜೀವ, ಕೊಲ್ಲಾಕ ಮನಸ್ಸ ಬರಲಿಲ್ಲ, ಸ್ಟೇರಿಂಗ್ ತಿರುವಿಬಿಟ್ಟೆ. ಬ್ರೇಕ್ ಹಾಕಿದೆ ಮತ್ತ! ಹಾಕಿದೆ ಅಂತೇನಿ... ಗುರುತಾ? ಎಲ್ಲೀ ಗುರುತು? ನೀ ಗಾಡಿ ನೋಡಾಕ ಅಲ್ಲಿಗೆ ಬಂದಾಗ ರಸ್ತಾದ ಮ್ಯಾಲ ಟಾಯರ್ ಗುರುತು ಇದ್ದಿದ್ದಿಲ್ಲ ಅಂತೀಯೇನು ನೀನು, ಹಂಗ ಕೈಲೆ ಗೆರಿ ಎಳದು ತೋರಸ್ತಿ? ಹುಳ್ಳಿ ಬಡದಂಗ ಮಳಿ ಆತಲ್ಲ ಆವತ್ತ, ಅಳಿಸಿ ಹೋಗಿರಬೇಕು. ಮಳಿ ಇರಲಿಲ್ಲ? ಇತ್ತೋ ಮಾರಾಯಾ!

ಅಯ್ಯ, ಚೀಲ! ಚೀಲ ಬಿಡು ಅಂದ್ನೆಲ್ಲ ನಿನಗ! ವೈರ್ ಎಲ್ಲಿಗೆ ಬರಬೇಕು ನೋಡಾಕ ಚೀಲ ಯಾಕ ಬಿಚ್ಚಬೇಕು...

ತಗದಿ. ತಗದಬಿಟ್ಟಿ.

ಹೂಂ. ಫ್ರಿಜ್ ಅಲ್ಲ. ಫ್ರಿಜ್‌ಗೆ ಹಂತಾ ಕೊಳವಿ ಇರಂಗಿಲ್ಲ, ಮೂಗಿಗೆ ಹಾಕೋ ಮುಖವಾಡ ಇರಂಗಿಲ್ಲ, ಅಷ್ಟು ನನಗೂ ತಿಳೀತೈತಿ. ಅದು... ಅದು ದಾನವ್ವಂದು. ಆಕಿಗೆ ಉಸಿರಿನ ತ್ರಾಸ ಐತಿ, ಮಲಗೋ ಮುಂದ ಹಾಕ್ಕೋತಾಳ. ಹೆಣ್ಮಗಳು, ನಾಕ ಮಂದಿಗೆ ಗೊತ್ತಾಗಬಾರದು ಅಂದ್ಲು, ಅದಕ್ಕ ನಾ ಫ್ರಿಜ್ ಅಂದೆ. ಚಾಂದಬಿ ಮುಂದ ಮತ್ತ ಹೇಳೀ!

ಏ, ನನ್ನ ಮಾರಿಗೆ ಯಾಕ ಹಿಡೀತಿ ಅದನ್ನ? ತಗಿ! ತಗಿ ಅಂದೆ, ಕೈ ತಗಿ ಜಮಾಲ್ಯಾ!

...ಸರಿ. ಕೂಡಿತಲ್ಲ? ಪಟ್ಟಿ ಸರಿಯಾಗಿ ಗೀರಿನ ಮ್ಯಾಲ ಬಂದು ಕುಂತಿತಲ್ಲ? ಸಮಾಧಾನ ಆತಲ್ಲ? ನಂದ ಅದು. ನನ್ನ ಮಷೀನು. ಗಾಳಿ ಒತ್ತೋ ಮಷೀನು.

ಕುಂದ್ರು, ಹೇಳ್ತೇನಿ. ನಾ ಇಲ್ಲೆ ಡ್ರೈವರ್ ಸೀಟಿನ ಮ್ಯಾಲ ಕುಂದರತೇನಿ. ನೀ ಕೆಲಸ ಮಾಡಕೋತ ಕೇಳು, ಹೊತ್ತು ಹೋಗೋದು ಬ್ಯಾಡ.

ನಾ ಗೊರಕಿ ಹೊಡೀತೇನಿ ಅನ್ನೋದು ನಿನಗ ಹೊಸಾದಲ್ಲ. ನಾಗವ್ವ ಮದಿವಿ ಆದ ವರ್ಷದಾಗ ಹಾಸಿಗಿ ಪಡಸಾಲಿಗೆ ಹಾಕ್ಕೊಂಡಾಕಿ. ಆದ್ರ ಬರಬರತ ಆಕಿ ಹೇಳಾಕತ್ತಿದ್ಲು, ಗೊರಕಿ ನಡನಡುವ ನಿಲ್ತಾವಂತ. ನಿಂತ್ರ ಉಸಿರೂ ನಿಲ್ತೈತಂತ. ಆಕಿ ಎದ್ದು ಬಂದು ಎದಿ ಮ್ಯಾಲ ಕೈ ಇಟ್ಟು ನೋಡೋದಂತ, ಇದ್ದಾನೋ ಇಲ್ಲೋ ಅಂತ. ಪಾಪ, ಹೆಂಡತಿ ಜೀವ ಅದು. ಆಕೀನ ಜಗ್ಗಿಕೊಂಡು ಹುಬ್ಬಳ್ಳಿಗೆ ಒಯ್ದಾಕಿ. ಅಲ್ಲೆ ಡಾಕ್ಟರು ಒಂದು ರಾತ್ರಿ ಮೈತುಂಬ ವೈರ್ ಹಚ್ಚಿ ಮಲಗಿಸಿ ನೋಡಿದ್ರು. ನಿನ್ನ ಕೆಲಸದಂಗ ಅದೂ! ಗಂಟಲು ಮುಚ್ಚಿಕೊಳ್ತೈತಿ, ಎಂಟು ತಾಸು ಮಲಗಿದ್ರೂ ನಿನ್ನ ಮೈಗೆ ನಿದ್ದಿ ಹತ್ತೂದಿಲ್ಲ, ಅದಕ್ಕ ಹಗಲಿ ತೂಕಡಿಸ್ತಿ ಅಂದ್ರು. ಈ ಮಷೀನು ಕೊಟ್ರು. ರಾತ್ರಿ ಪೂರಾ ಗಾಳಿ ಒತ್ತತೈತಿ, ಗಂಟಲು ಮುಚ್ಚಗೊಡಂಗಿಲ್ಲ.

ಮೊನ್ನೆ ಮೊನ್ನೆ ತಂದೇನಿ. ಮೊದಲನೇ ರಾತ್ರಿ ಮಲಗಿ ಎದ್ನೆಲ್ಲ ಜಮಾಲಸಾಬ... ಹೆಂಗ ಹೇಳಲಿ! ಸಾಲೀಗೆ ಹೋಗೋ ಹುಡುಗ ಆಗಿದ್ದೆ! ಮರುದಿನ ರಾತ್ರಿ ಊರಾಗ ಕರೆಂಟ್ ಹೋತು. ಮಷೀನು ನಿಂತ್ರ ನಾನೂ ನಿಂತಂಗ. ಆಗ ಹೊಳೀತು ನನಗ ಈ ವಿಚಾರ. ಹೆಣ್ಮಕ್ಕಳು ಕುಮಟಾದಾಗ ಛತ್ರದಾಗ ಮಲಗತಾರ, ಡ್ರೈವರ್ ಮಲಗೋದು ಗಾಡ್ಯಾಗ. ಅಲ್ಲೆ ಕರೆಂಟ್ ಎಲ್ಲಿಂದ ತರೋದು? ಅದಕ್ಕ ಎರಡನೇ ಬ್ಯಾಟರಿ. ಫ್ಯಾನು, ಹಾಡು, ಮಿಕ್ಸಿ ಎಲ್ಲಾ ನೆವ. ಲೈಟು ಸುದ್ದಾ ನೆವ. ನನಗ ಬೇಕಾದ್ದು ಇದೊಂದ. ಜೋಪಾನ ಮಾಡಾಕ ಅಲ್ಲೇನು ನಾ ಇಷ್ಟೆಲ್ಲಾ ಮಾಡಾಕತ್ತಿದ್ದು? ನಿನ್ನ ಹೆಂಡತಿ-ಮಗಳ ಸಲುವಾಗಿ ಅಲ್ಲೇನು?

ಹಂಗ ನೋಡಬ್ಯಾಡ. ಬೈಬೇಕಂದ್ರ ಬೈ.

ಫೋನು... ನಾಗವ್ವಂದು. ಬಡಕೊಳ್ಳಲಿ ಬಿಡು. ಎತ್ತಿದ್ರ ಎಲ್ಲಿದ್ದಿ ಅಂತಾಳ. ಆಕಿಗೆ ನಾ ಶಿಗ್ಗಾವಿ ಸಂತಿಗೆ ಹೊಂಟೇನಿ ಅಂತ ಹೇಳೇನಿ... ಗಾಡಿ ತಗೊಂಡು ಅಲ್ಲ, ಬಸ್ಸಿಗೆ ಅಂತ. ಯಾಕ ಅಂದ್ರ... ಯಾಕೂ ಇಲ್ಲ. ಹೆಣ್ಮಕ್ಕಳ ಅಂಜಿಕಿ. ನಿಂತಿತು ನೋಡು ಫೋನು.

ಟ್ರಿಪ್ ಬಿಡು ಅಂತೀಯೇನು? ಬಾಯಿ ಬಿಚ್ಚದಿದ್ರೂ ಹುಬ್ಬಿನ್ಯಾಗ ಅದನ್ನ ಹೇಳಾಕತ್ತಿ. ಬಿಡೋದು ಹಗರಲ್ಲ ತಮ್ಮಾ. ಯಾಕ ಬಿಟ್ಟಿ ಅಂತ ಕೇಳ್ತಾರ. ಕುಬೇರಪ್ಪಗ ಗಾಡಿ ಮ್ಯಾಲ ನಿದ್ದಿ ಬರ್ತೈತಂತ ಅನ್ನೋ ಮಾತು ಒಮ್ಮೆ ಹೊರಗ ಬಿತ್ತಂದ್ರ ಹಾನಗಲ್ಲಿನಿಂದ ಹಿರೇಕೆರೂರತನಕ ಒಬ್ಬರರ ನನ್ನ ಗಾಡಿ ಹತ್ತತಾರೇನು? ಯಾರ್ಯಾರನ್ನ ಒಯ್ದೇನಿ ನಾ ಇದರಾಗ! ಬ್ಯಾನಿ ತಿಂತಿದ್ದ ಬಸುರಿ ಹೆಣ್ಮಕ್ಕಳನ್ನ ಒಯ್ದೇನಿ. ನಿನ್ನ ಕೌಸರ ಹುಟ್ಟಿದಾಗ ಚಾಂದಬೀನ ದವಾಖಾನಿಯಿಂದ ಮನಿಗೆ ಕರಕೊಂಡು ಬಂದಾಂವ ಯಾರು? ಕೂಸಿನ ನಿದ್ದಿ ಕೆಡಬಾರದು ಅಂತ ಹಾದಿತುಂಬ ಹಾರ್ನ್ ಹೊಡೀಲಿಲ್ಲ ನಾನು. ಆಗ ಹಳೇ ಟ್ರ್ಯಾಕ್ಸ್ ಇತ್ತು. ಗಾಡಿ ಬಿಟ್ರ ನನಗ ಬ್ಯಾರೆ ಏನು ಬರ್ತೈತಿ ಹೇಳು? ಏನೂ ಬರಂಗಿಲ್ಲ. ಸ್ಟೇರಿಂಗ್ ಮುಂದ ಕುಂತ್ರ ನಾ ಮನಿಷಾ, ಇಳದ್ರ ಯಾರೂ ಅಲ್ಲ.

ಮಷೀನು ಇದ್ರ ನಾ ಹುಲಿ! ಹುಲಿ ಅಂದ್ರ ಹುಲಿ. ಆ ತಡಸದ್ದು ಒಮ್ಮೆ, ಅದೂ ಆ ಕೆಂದ ನಾಯಿ ಅಡ್ಡ ಬಂತು ಅಂತ ಆತು, ಇಲ್ಲಾಂದ್ರ...

ಏನು? ಯಾಕ ಪಾನಾ ಕೆಳಗ ಇಟ್ಟಿ?

ಕರೀದು ಅಂದಿದ್ನೇನು ಮೊದಲ? ಕರೀದು, ಕೆಂದು, ಏನೋ ಒಂದು. ಸಂಜೀ ಹೊತ್ತು, ಬಣ್ಣ ಯಾರು ನೋಡ್ತಾರ? ನಾಯಿ ನಾಯೀನ ಅಲ್ಲೇನು? ನೀ ಪಾನಾ ತಗೋ. ತಗೊಂಡು ಬಿಗಿ. ಹಾಂ... ಹಂಗ.

ಘಾಟಿಂದ ಅಂಜಬ್ಯಾಡ. ದೇವಿಮನಿ ಘಾಟ ನನಗ ಅಂಗೈ ಇದ್ದಂಗ. ಮ್ಯಾಲ ಗುಡಿ ಹತ್ತರ ನಿಲ್ಲಿಸಿ ಎಲ್ಲಾರಿಗೂ ಚಹಾ ಕುಡಿಸ್ತೇನಿ. ಆಮ್ಯಾಲ ಎರಡನೇ ಗೇರಿಗೆ ಹಾಕಿ ಸಾವಕಾಶ... ಒಂದು ತಿರುವು, ಹಾರ್ನ್... ಇನ್ನೊಂದು ತಿರುವು, ಹಾರ್ನ್... ಕಿಟಕ್ಯಾಗ ಕೌಸರ ಕುಂತಿರ್ತೈತಿ, ಕಾಕಾ ಸಮುದ್ರ ಎಲ್ಲೈತಿ ಅಂತ ಕೇಳ್ತೈತಿ... ತಡಿಯವ್ವಾ, ಇನ್ನೊಂದು ತಿರುವು... ಇನ್ನೊಂದು... ತಿರುವು... ಹಾರ್ನ್...

ಏ! ಬ್ರೇಕ್! ಬ್ರೇಕ್ ಹಿಡಿ...!

ಹಾಂ... ಹಾಂ. ಜಮಾಲಸಾಬ? ಅಂಗಡಿ. ನಿನ್ನ ಅಂಗಡಿ. ಹೂಂ. ಕಾಲು ನೋಡು ನಂದು, ಬ್ರೇಕ್ ಒತ್ತಿಕೊಂಡ ಕುಂತೈತಿ... ಏನಿಲ್ಲ, ಸುಮ್ನ ಬ್ರೇಕ್ ಹೆಂಗೈತಿ ನೋಡಾಕತ್ತಿದ್ದೆ.

ಬಿಸಲು ಎದುರಿಗಿನ ಗ್ವಾಡಿ ಮ್ಯಾಲ ಇತ್ತು, ಎಲ್ಲಿಗೆ ಹೋತು? ಓಹೋ! ಫ್ಯಾನು ತಿರಗಾಕತ್ತಾವು! ನೀಲಿ ಲೈಟು... ಹಾಡೂ ಸಣ್ಣಗ ಹಚ್ಚಿ. ಮಷೀನು ಸುದ್ದಾ ಕೂಡಿಸಿಬಿಟ್ಟಿ! ಗಾಳಿ ಬರಾಕತ್ತೈತಿ ನೋಡು ಕೊಳವ್ಯಾಗ, ಸುಯ್ ಅಂತ. ಭಲೆ, ಜಮಾಲಸಾಬ, ಭಲೆ! ಎಂಜಿನ್ ಬಂದ್, ಎಲ್ಲಾ ನಡದೈತಿ. ಇದು ನೋಡು ಎತ್ತು ಅಂದ್ರ! ತಡಿ, ಚಾವಿ ತಿರುವಿ ಒಂದು ಸುತ್ತು ಹಾಕಿ ಬರ್ತೇನಿ.

...ಚಾಲೂ ಆಗವಲ್ದು.

ಟಿಕ್ ಅಂತ ಸುದ್ದಾ ಅನ್ನವಲ್ದಲ್ಲೋ. ಫ್ಯಾನು ತಿರಗತಾವು, ಹಾಡು ಹಾಡತೈತಿ, ಗಾಡಿ ಯಾಕ ಸತ್ತೈತಿ? ರಿಲೇ ಉಲ್ಟಾ ಹಚ್ಚಿಯೇನು? ಏನು ಮಾಡಿಟ್ಟಿ... ಬಾನೆಟ್ ಯಾಕ ತಗದೈತಿ...

ಅದೇನು ನಿನ್ನ ತೊಡಿ ಮ್ಯಾಲ? ಅದು... ಜಮಾಲಸಾಬ, ಅದು ಎಂಜಿನ್ ಬ್ಯಾಟರಿ. ಅದನ್ನ ಯಾಕ ಬಿಚ್ಚಿದಿ? ಬಿಚ್ಚು ಅಂತ ಯಾರು ಹೇಳಿದ್ರು ನಿನಗ? ಕೊಡಿಲ್ಲೆ!

ನಾಗವ್ವ ಹೇಳಿದ್ಲಲ್ಲ? ನಾ ಮಲಗಿದಾಗ ಫೋನ್ ಎತ್ತಿದಿ, ಆಕಿ ಎಲ್ಲಾ ಹೇಳಿದ್ಲು, ಹೌದಲ್ಲ? ಗೊತ್ತಾತು ಬಿಡು. ಡಾಕ್ಟರ್ ಒಂದು ತಿಂಗಳು ಗಾಡಿ ಮುಟ್ಟಬ್ಯಾಡ ಅಂದಾರ, ಮಷೀನು ಹಾಕ್ಕೊಂಡು ಮಲಗಿ ಮತ್ತೊಮ್ಮೆ ತೋರಿಸೋತನಕ ಸ್ಟೇರಿಂಗ್ ಹಿಡೀಬ್ಯಾಡ, ಮಂದೀನ ಕೊಲ್ತಿ ಅಂದಾರ ಅಂತ ಹೇಳಿದ್ಲಲ್ಲ? ಚಾವಿ ಹಿಟ್ಟಿನ ಡಬ್ಬಿಯೊಳಗ ಮುಚ್ಚಿ ಇಟ್ಟಿದ್ದೆ, ಕದ್ದುಕೊಂಡು ಹೋಗ್ಯಾನ ಅಂತ ಅತ್ಲಲ್ಲ? ಅಳೋದ ಆಕಿ ಕೆಲಸ! ಗಂಡನ ಮಾನ ಊರ ಮುಂದ...

ಯಾಕ ಸುಮ್ನ ಅದಿ? ಹೇಳಿದ್ಲೋ ಇಲ್ಲೋ?

ಫೋನ್... ಫೋನ್ ನನ್ನ ಕಿಸೆದಾಗನ ಐತಿ.

ಯಾರೂ ಎತ್ತಿಲ್ಲ ಇದನ್ನ. ನಾಗವ್ವಂದು ಸಾಲಾಗಿ ಬಂದಾವು, ಒಂದೂ ಎತ್ತಿಲ್ಲ. ನಿನಗ ಯಾರೂ ಏನೂ ಹೇಳಿಲ್ಲ. ನಾನ... ನಾನ ಈಗ...

ಮಾತಾಡೋ. ಎಲಿ ಉಗುಳಿಯಲ್ಲ, ಬಾಯಿ ಖಾಲಿ ಐತಿ, ತುಟಿ ಸುದ್ದಾ ಒರಸಿಕೊಂಡಿ. ಈಗರ ಮಾತಾಡು. ಬೈ ನನ್ನ. ಇಷ್ಟು ವರ್ಷದಾಗ ಮೂರು ಸಲ ಬೈದಿ, ಇನ್ನೊಮ್ಮೆ ಬೈ! ಸುಮ್ನ ಹಂಗ ಕುಂದ್ರಬ್ಯಾಡ ನನ್ನ ಮುಂದ, ನನಗ ಅಂಜಿಕಿ ಬರ್ತೈತಿ.

ಹಿಂದಿನ ಸೀಟಿನ ಮ್ಯಾಲ ರೊಟ್ಟಿ ಗಂಟು ಇತ್ತಲ್ಲ... ಇಳಿಸಿಯೇನು?

ಇಳಿಸಿದಿ.

...ನಾಯಿ ಇರಲಿಲ್ಲ ಜಮಾಲಸಾಬ. ಕರೀದೂ ಇರಲಿಲ್ಲ, ಕೆಂದೂ ಇರಲಿಲ್ಲ. ಕಣ್ಣು ತಗದು ನೋಡಿದ್ರ ಗಾಜಿನ ಮುಂದ ಬರೇ ಜೋಳದ ದಂಟು. ಎಲ್ಲಿಂದ ಎಲ್ಲೀತನಕ ಮಲಗಿದ್ದೆ ನನಗ ಗೊತ್ತಿಲ್ಲ. ಖಾಲಿ ಗಾಡಿ ಅಂತ ನಿನ್ನ ಮುಂದ ಅಂದೆ... ಖಾಲೀನ ಇತ್ತು, ದೇವರ ಆಣಿ. ಆದ್ರ ಹುಬ್ಬಳ್ಳ್ಯಾಗ ಮಂದಿ ಇಳದು ಭಾಳ ಹೊತ್ತು ಆಗಿರಲಿಲ್ಲ. ಒಬ್ಬಾಕಿ ಮಗ್ಗಲದಾಗ ಕೂಸು ಇತ್ತು.

ಈಗ ಎಷ್ಟೊತ್ತು ಮಲಗಿದ್ದೆ? ಮಾತಾಡಾಕ ಆಗದಿದ್ರ ಬೆರಳಿಲೆ ತೋರಿಸು. ಒಂದು ತಿರುವಿನಷ್ಟ? ಎರಡು ತಿರುವಿನಷ್ಟ?

ಬ್ಯಾಡ. ತೋರಿಸಬ್ಯಾಡ, ಕೈ ಕೆಳಗ ಇಳಿಸು. ಚನ್ನೇಶಗ ನಾನ ಫೋನ್ ಹಚ್ಚತೇನಿ, ಅಂವನ ಗಾಡ್ಯಾಗ ಹೋಗಲಿ ಎಲ್ಲಾರೂ. ಕಿಟಕಿ ಕಡೆ ಸೀಟು ಕೌಸರಗ ಅಂತ ಹೇಳ್ತೇನಿ. ಕಾಕಾ ಯಾಕ ಬರಲಿಲ್ಲ ಅಂತ ಕೇಳಿದ್ರ... ಇದ್ದದ್ದು ಹೇಳು ಆಕಿಗೆ.

ಈಗ ಆ ಬ್ಯಾಟರಿ ಒಳಗ ಒಯ್ದು ಇಡು ಮಾರಾಯಾ. ನನ್ನ ಕೈಗೆ ಸಿಗದಂಗ ಇಡು.